ನಗುವ ಕಪ್ತಾನನ ಹಲ್ಲು

ನಮ್ಮ ಊರಿನ ಅರ್ಧಕ್ಕರ್ಧ ಮುದುಕರು ನಮ್ಮ ಭಾವನ ಹಲ್ಲಿನಿಂದ ನಗುತ್ತಾರೆ. ಗಾಬರಿಯಾಗಬೇಡಿ, ಅವನ ಬಾಯಲ್ಲಿರುವ ಹಲ್ಲು ಅಲ್ಲಿಯೇ ಭದ್ರವಾಗಿದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ತಯಾರಿಸುವುದು ಅವನ ಕಸುಬು. ಮುಂದಿನ ಕೋಣೆಯಲ್ಲಿ ಕೂತು ಚೀಟಿ ಕೊಟ್ಟು, ಸರದಿ ಕೂಗಿ, "ಸ್ವಲ್ಪಾನೂ ನೋವಾಗಲ್ಲ ಸಾರ್" ಎಂದು ದಿನಕ್ಕೆ ಇಪ್ಪತ್ತು ಸಲ ಸುಳ್ಳು ಹೇಳುವವನು ನಾನು. ಅಕ್ಕನ ಗಂಡ, ನಾನಿರುವುದೂ ಅವರ ಮನೆಯಲ್ಲೇ ಆದ್ದರಿಂದ ಎದುರಿಗೆ ಅವನನ್ನು "ನೀವು" ಎನ್ನುತ್ತೇನೆ. ಕಥೆ ಹೇಳುವಾಗ ಅಷ್ಟೆಲ್ಲ ಮರ್ಯಾದೆ ಕೊಟ್ಟರೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ಹಲ್ಲಿನ ಮಟ್ಟಿಗೆ ಭಾವನ ಕೈ ಕೈಯಲ್ಲ, ವರ. ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಅಯೋಮಯ. ಎಡಗಾಲಿನ ಚಪ್ಪಲಿ ತನ್ನದು, ಬಲಗಾಲಿನದು ನನ್ನದು ಹಾಕಿಕೊಂಡು ಹೋದದ್ದಕ್ಕೆ ಲೆಕ್ಕವಿಲ್ಲ. ಹೋದ ವರ್ಷ ಇಬ್ಬರು ರೋಗಿಗಳ ಹಲ್ಲಿನ ಡಬ್ಬಿ ಅದಲುಬದಲು ಮಾಡಿದ. ಇಬ್ಬರೂ ಇನ್ನೊಬ್ಬರ ಹಲ್ಲನ್ನು ಮೂರು ವಾರ ಹಾಕಿಕೊಂಡಿದ್ದರು. ವಿಷಯ ಬಯಲಾದಾಗ ಅವರಲ್ಲೊಬ್ಬರು ವಾಪಸು ಕೊಡಲು ಒಪ್ಪಲೇ ಇಲ್ಲ. "ಈ ಹಲ್ಲು ಬಂದಮೇಲೆ ಬಾಯಿ ತೆಗೆಯೋಕೇ ಆಗ್ತಿಲ್ಲ, ಮನೇಲಿ ಜಗಳ ನಿಂತುಹೋಗಿದೆ" ಎಂದರು.

ಡಾಕ್ಟರು ಮಾತ್ರ ಇದನ್ನು ಹೊಟ್ಟೆಗೆ ಹಾಕಿಕೊಳ್ಳಲಿಲ್ಲ. ಒಂಬತ್ತು ವರ್ಷದಿಂದ ಭಾವ ಅಲ್ಲಿ ಹಂಗಾಮಿ ನೌಕರ. ಈ ತಿಂಗಳ ಕೊನೆಗೆ ಕಾಯಂ ಮಾಡುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಜೊತೆಗೆ ಒಂದು ಬಾಲ ಸೇರಿಸಿದ್ದರು: "ಇನ್ನೊಂದೇ ಒಂದು ಸಲ ಡಬ್ಬಿ ಅದಲುಬದಲಾದ್ರೆ, ನಿನ್ನ ಜಾಗಕ್ಕೆ ಬೇರೆಯವನು ಬರ್ತಾನೆ. ಗೊತ್ತಾಯ್ತಾ?" ಭಾವನಿಗೆ ಗೊತ್ತಾಗಿತ್ತು. ಅಕ್ಕನಿಗೆ ಇನ್ನೂ ಚೆನ್ನಾಗಿ ಗೊತ್ತಾಗಿತ್ತು.

ಇಂಥ ಹೊತ್ತಿನಲ್ಲಿ ಮನುಷ್ಯ ಬಾಯಿ ಮುಚ್ಚಿಕೊಂಡು ಇರಬೇಕು. ಭಾವ ಎದುರುಮನೆ ಪೋಸ್ಟ್ ಮಾಸ್ಟರರ ಹತ್ತಿರ ಬಾಯಿ ತೆರೆದ.

ಪೋಸ್ಟ್ ಮಾಸ್ಟರರು ನಿವೃತ್ತರಾದ ಮೇಲೆ ರೆಸಿನ್ ಬೊಂಬೆಗಳ ಹುಚ್ಚು ಹತ್ತಿಸಿಕೊಂಡವರು. ರೆಸಿನ್ ಎಂದರೆ ಕಟ್ಟುಹಲ್ಲಿಗೂ ಬಳಸುವಂಥ ಒಂದು ಗಟ್ಟಿ ಪ್ಲಾಸ್ಟಿಕ್ಕು. ಈ ಬೊಂಬೆ ಇಡಿಯಾಗಿ ಬರುವುದಿಲ್ಲ. ಕೈ, ಕಾಲು, ತಲೆ, ಮುಂಡ ಎಲ್ಲ ಬೇರೆ ಬೇರೆ ಎರಕ ಹೊಯ್ದು ಪೆಟ್ಟಿಗೆಯಲ್ಲಿ ತುಂಬಿ ಕಳಿಸುತ್ತಾರೆ. ನಾವೇ ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಮನುಷ್ಯನನ್ನಾಗಿ ಮಾಡಬೇಕು. ಅವರ ಗಾಜಿನ ಬೀರುವಿನಲ್ಲಿ ಹೀಗೆ ಮನುಷ್ಯರಾದ ನಲವತ್ತೊಂದು ಸೈನಿಕರು ನಿಂತಿದ್ದರು. ಗುಂಡಿಗುಂಡಿಗೂ ಬಣ್ಣ, ಹುಬ್ಬಿನ ಕೂದಲಿಗೂ ನೆರಳು. ಎಲ್ಲರದೂ ತುಟಿ ಬಿಗಿ. ಪೋಸ್ಟ್ ಮಾಸ್ಟರರದೂ ಹಾಗೆಯೇ. ಮಾತಾಡಿದರೆ ತುಟಿಯ ನಡುವೆ ಒಂದು ಪೋಸ್ಟ್ ಕಾರ್ಡು ತೂರುವಷ್ಟೇ ಸಂದು. ನಗುವನ್ನಂತೂ ಮೂಗಿನಲ್ಲೇ ಮುಗಿಸಿಬಿಡುತ್ತಿದ್ದರು.

"ಚೆನ್ನಾಗಿವೆ ಸಾರ್," ಎಂದ ಭಾವ ಬೀರುವಿಗೆ ಮೂಗು ಒತ್ತಿ. "ಆದ್ರೆ ಒಬ್ಬನೂ ನಗ್ತಾ ಇಲ್ವಲ್ಲ?"

"ಸೈನಿಕರು ಯಾಕಯ್ಯ ನಗಬೇಕು?"

"ಹಾಗಲ್ಲ, ಹಲ್ಲು ಬಿಡಿಸೋದು ಕಷ್ಟ ಅಂತ ಎಲ್ಲರ ಬಾಯೂ ಮುಚ್ಚಿಸಿಬಿಟ್ರೇನೋ ಅಂದುಕೊಂಡೆ."

ಪೋಸ್ಟ್ ಮಾಸ್ಟರರ ಮುಖ ಕೆಂಪಗಾಯಿತು. ಯಾಕೆ ಅಷ್ಟು ಕೆಂಪಾಯಿತೆಂದು ನಮಗೆ ಆಗ ತಿಳಿಯಲಿಲ್ಲ. "ಇದು ಕಲೆ," ಎಂದರು. "ದವಡೆಗೆ ಅಚ್ಚು ಹೊಯ್ಯೋರ ಕೈಗೆ ಬಗ್ಗೋದಲ್ಲ." ಬಾಗಿಲು ಹಾಕಿಕೊಂಡರು.

ಆ ವಾರವೇ ಭಾವ ತನ್ನ ಜೀವಮಾನದ ಮೊದಲ ಬೊಂಬೆ ತರಿಸಿದ. ಬೊಂಬೆ ಮಾರುವವರ ಪಟ್ಟಿಯಲ್ಲಿ ಬಾಯಿ ತೆರೆದಿದ್ದವನು ಒಬ್ಬನೇ ಒಬ್ಬ, ಕೈಯಲ್ಲಿ ಹಗ್ಗ ಹಿಡಿದು ಗಹಗಹಿಸುವ ಹಡಗಿನ ಕಪ್ತಾನ. ಕಟ್ಟಿ ನಿಲ್ಲಿಸಿದರೆ ಗೇಣುದ್ದ, ಒಟ್ಟು ಹದಿನಾಲ್ಕು ತುಂಡು, ತಲೆ ಚಿಕ್ಕ ನಿಂಬೆಹಣ್ಣಿನಷ್ಟು. ಇದನ್ನೆಲ್ಲ ನಾನು ಕಣ್ಣಾರೆ ಕಂಡವನು, ಏಕೆಂದರೆ ಪಾರ್ಸೆಲ್ ಬಂದದ್ದು ಕ್ಲಿನಿಕ್ಕಿಗೆ. ಮನೆಯವರಿಗೆ ಭಾವ ಏನನ್ನೂ ತೋರಿಸಲಿಲ್ಲ. ಮುಗಿದ ಮೇಲೆ ಒಮ್ಮೆಲೇ ತಂದು ಎಲ್ಲರ ಕಣ್ಣು ತೆರೆಸಬೇಕೆಂಬ ಆಸೆ. ತೋರಿಸದಿದ್ದರೂ ಕೊಚ್ಚಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. "ಎಂಥಾ ಕಪ್ತಾನ ಅಂತೀಯ! ಪೋಸ್ಟ್ ಮಾಸ್ಟರ್ ಬೀರು ಅವನ ಮುಂದೆ ಏನೂ ಅಲ್ಲ. ಹಲ್ಲಂತೂ ನಿಜವಾದ ಹಲ್ಲು ಇದ್ದ ಹಾಗೇ ಇರುತ್ತೆ ನೋಡ್ತಿರು," ಎಂದು ದಿನಾ ಅಕ್ಕನಿಗೆ ಹೇಳಿದ. ಅಕ್ಕ ಕೆಳಗಿನ ಮಹಡಿಯ ಮನೆ ಮಾಲೀಕರಿಗೆ ಹೇಳಿದಳು. ಮಾಲೀಕರಿಗೆ ಹೇಳಿದರೆ ಬೀದಿಗೆ ಬೇರೆ ಹೇಳುವ ಅಗತ್ಯವಿಲ್ಲ.

ಊಟದ ಬಿಡುವಿನಲ್ಲಿ ಭಾವ ಹಿಂದಿನ ಕೋಣೆಯಲ್ಲಿ ಕಪ್ತಾನನ ಕೆಲಸ ಶುರು ಮಾಡಿದ. ಎರಕದ ಅಚ್ಚು ಕೂಡಿದ ಕಡೆ ತುಂಡುಗಳ ಮೇಲೆ ಒಂದು ಸಣ್ಣ ಏಣು ಉಳಿದಿರುತ್ತದೆ. ಅದನ್ನು ಕಟ್ಟುಹಲ್ಲು ಉಜ್ಜುವ ಯಂತ್ರದಲ್ಲೇ ನಯ ಮಾಡಿದ. ಜೊತೆಯಲ್ಲಿ ಬಂದ ಸೂಚನೆಯ ಹಾಳೆಯನ್ನು ಓದಲೇ ಇಲ್ಲ. "ರೆಸಿನ್ ಬಗ್ಗೆ ನನಗೇ ಪಾಠ ಹೇಳುತ್ತೆ ಇದು" ಎಂದು ಹಾಳೆಯನ್ನೇ ಬೈದ. ಅಚ್ಚಿನಿಂದ ಬರುವಾಗ ಎಣ್ಣೆಯ ಪಸೆ ಅಂಟಿರುತ್ತದೆ, ಸೋಪುನೀರಿನಲ್ಲಿ ತೊಳೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ ಎಂಬುದು ಅವನಿಗೆ ಗೊತ್ತೇ ಇತ್ತು. ಹಗ್ಗ ಹಿಡಿದ ಕೈ ಬೇರೆ ಸೊಟ್ಟಗಾಗಿತ್ತು. ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದಾಗ ನೆಟ್ಟಗೆ ಮಾಡಬೇಕು. ಆದರೆ ಕ್ಲಿನಿಕ್ಕಿನ ಸಿಂಕು ಡಾಕ್ಟರ ಕಣ್ಣೆದುರಿಗೇ ಇತ್ತು. ಹಾಗಾಗಿ ಕಪ್ತಾನನ ಸ್ನಾನ ಮನೆಯಲ್ಲಿ ಎಂದು ತೀರ್ಮಾನವಾಯಿತು.

ಇಲ್ಲಿ ಇನ್ನೊಬ್ಬರನ್ನು ಪರಿಚಯ ಮಾಡಿಸಬೇಕು. ಊರೆಲ್ಲ ಅವರನ್ನು 'ಗಮನಕ್ಕೆ' ಎಂದೇ ಕರೆಯುತ್ತದೆ. ಮೂವತ್ತು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಕೂಗಿದ ಧ್ವನಿ ಅವರದು. ಆ ಧ್ವನಿ ಕೇಳಿ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಒಂದೊಂದಾಗಿ ಹಲ್ಲು ಹೋಯಿತು, ಹಲ್ಲಿನ ಹಿಂದೆ ಧ್ವನಿಯೂ ಹೋಯಿತು. ಈಗ ಸ್ಟೇಷನ್ನಿನಲ್ಲಿ ಹೊಸ ಪ್ಲಾಟ್‌ಫಾರ್ಮು ಕಟ್ಟಿ, ಭಾನುವಾರ ಬೆಳಿಗ್ಗೆ ಅಲ್ಲಿಂದ ಹೊರಡುವ ಮೊದಲ ರೈಲನ್ನು ಅವರೇ ಕೂಗಬೇಕೆಂದು ಕರೆದಿದ್ದರು. ಆಗದಿದ್ದರೆ ಟೇಪು ಹಾಕುತ್ತೇವೆ ಎಂದಿದ್ದರು. "ಟೇಪು!" ಎಂದು ಅವರು ನಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದ್ದೇನೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಅವರಿಗಾಗಿಯೇ ಹುಟ್ಟಿದಂತಿತ್ತು. ಭಾವ ಹಗಲೂ ಸಂಜೆಯೂ ಕೂತು ಅವರ ಹಲ್ಲು ಮುಗಿಸಿದ. ಶನಿವಾರ ಸಂಜೆ ನಾಲ್ಕಕ್ಕೆ ಬಂದು ಹಾಕಿಸಿಕೊಂಡು ಹೋಗಿ ಎಂದು ಚೀಟಿ ಬರೆದವನು ನಾನೇ.

ಶನಿವಾರ ಮಧ್ಯಾಹ್ನ ಭಾವನ ಮೇಜಿನ ಮೇಲೆ ಒಂದೇ ಥರದ ಎರಡು ಬಿಳಿ ಡಬ್ಬಿಗಳಿದ್ದವು. ಒಂದರಲ್ಲಿ ಗಮನಕ್ಕೆಯವರ ಮೇಲಿನ, ಕೆಳಗಿನ ಹಲ್ಲು. ಇನ್ನೊಂದರಲ್ಲಿ ಕಪ್ತಾನನ ತಲೆ, ಎರಡು ಕೈ, ಒಂದು ಬೂಟು. ಒಂದನ್ನು ಎತ್ತಿಕೊಂಡು ಭಾವ ಊಟಕ್ಕೆ ಮನೆಗೆ ಹೋದ. ಯಾವುದನ್ನು ಎಂದು ಬಿಡಿಸಿ ಹೇಳಬೇಕೇ?

"ಕಪ್ತಾನಂದು ಇದು, ಸೋಪುನೀರಲ್ಲಿ ಚೆನ್ನಾಗಿ ತೊಳಿ. ಆಮೇಲೆ ಕೈ ಅದ್ದಬಹುದಾದಷ್ಟು ಬಿಸಿ ಇರೋ ನೀರಲ್ಲಿ ಐದು ನಿಮಿಷ ಬಿಡು. ತೆಗೆದು ಕಿಟಕೀಲಿ ಇಡು," ಎಂದು ಅಕ್ಕನಿಗೆ ಹೇಳಿ, ಉಂಡು, ಕೈತೊಳೆದು, ನನ್ನ ಬಲಗಾಲಿನ ಚಪ್ಪಲಿ ಹಾಕಿಕೊಂಡು ವಾಪಸು ಬಂದ.

ನಾಲ್ಕು ಗಂಟೆಗೆ ಗಮನಕ್ಕೆಯವರು ಇಸ್ತ್ರಿ ಮಾಡಿದ ಹಳೆಯ ರೈಲ್ವೆ ಕೋಟು ಹಾಕಿಕೊಂಡು ಬಂದು ಕುರ್ಚಿಯಲ್ಲಿ ಒರಗಿದರು. ನಾನು ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದೆ. ಡಾಕ್ಟರು ಡಬ್ಬಿಯ ಮುಚ್ಚಳ ತೆಗೆದರು.

ಒಳಗಿನಿಂದ ಬೋಳುತಲೆಯ ಕಪ್ತಾನ ಡಾಕ್ಟರನ್ನು ನೋಡಿ ಗಹಗಹಿಸಿದ.

ನಮ್ಮ ಡಾಕ್ಟರಿಗೆ ಒಂದು ಗುಣವಿದೆ. ಪ್ರಾಣ ಹೋದರೂ ರೋಗಿಯ ಮುಂದೆ "ಗೊತ್ತಿಲ್ಲ" ಎನ್ನುವವರಲ್ಲ. ಒಂದು ಕ್ಷಣ ಡಬ್ಬಿಯನ್ನೇ ನೋಡಿದರು. ಆಮೇಲೆ ಕೆಮ್ಮಿದರು. ಅಷ್ಟರಲ್ಲಿ ಗಮನಕ್ಕೆಯವರು ಕತ್ತು ಚಾಚಿ ನೋಡಿಯೇಬಿಟ್ಟಿದ್ದರು.

"ಇದೇನು ಡಾಕ್ಟ್ರೇ?"

"ಇದಾ?" ಎಂದರು ಡಾಕ್ಟರು. "ಇದು ನೀವು."

"ನಾನಾ?"

"ನಿಮ್ಮ ಮಾದರಿ. ಹೊಸ ವಿಧಾನ. ಮೊದಲು ರೋಗಿಯ ತಲೆ ಮಾಡ್ಕೋತೀವಿ, ಆಮೇಲೆ ಅದಕ್ಕೆ ತಕ್ಕ ಹಲ್ಲು. ಬರೀ ದವಡೆ ಅಳೆದು ಹಲ್ಲು ಕೂರಿಸೋ ಕಾಲ ಹೋಯ್ತು."

ಗಮನಕ್ಕೆಯವರು ತಲೆಯನ್ನು ಅಂಗೈಯಲ್ಲಿಟ್ಟುಕೊಂಡರು. ತಮ್ಮ ಬೋಳು ಸವರಿದರು, ಅದರ ಬೋಳು ಸವರಿದರು. "ಅಯ್ಯೋ, ಹೌದಲ್ಲ! ಕಿವಿ ನೋಡಿ, ನಮ್ಮಪ್ಪನ ಕಿವಿ. ಆದ್ರೆ ಕೈ ಯಾಕೆ?"

"ನೀವು ಮಾತಾಡುವಾಗ ಕೈ ಆಡಿಸ್ತೀರಲ್ಲ. ಆ ಒತ್ತಡ ನೇರ ದವಡೆಗೆ ಬರುತ್ತೆ."

"ಬೂಟು?"

ಅವರಿಗೆಂದು ಹಿಡಿದಿದ್ದ ಲೋಟದ ನೀರನ್ನು ನಾನೇ ಕುಡಿದುಬಿಟ್ಟೆ. ಡಾಕ್ಟರು ಅಳುಕಲಿಲ್ಲ. "ನಿಲುವು ಸಾರ್, ನಿಲುವು. ಕಾಲು ಊರಿ ನಿಂತ ಹಾಗೆ ಮಾತು ಬರುತ್ತೆ. ಮೂವತ್ತು ವರ್ಷ ನಿಂತೇ ಕೂಗಿದೀರಿ, ನಿಮಗೆ ಹೇಳಬೇಕಾ?"

"ನನಗೆ ಇಷ್ಟು ವರ್ಷ ಯಾರೂ ಇದನ್ನ ಹೇಳಲೇ ಇಲ್ಲ," ಎಂದರು ಗಮನಕ್ಕೆಯವರು. "ಮತ್ತೆ ಹಲ್ಲು?"

ಡಾಕ್ಟರು ನನ್ನ ಕಡೆ ತಿರುಗಿ ಜೇನಿನಂಥ ಧ್ವನಿಯಲ್ಲಿ, "ನಿಮ್ಮ ಭಾವನ್ನ ಸ್ವಲ್ಪ ಕರೀತೀರಾ?" ಎಂದರು. ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಕಾದಿದೆ ಗ್ರಹಚಾರ ಎಂದುಕೊಂಡೆ.

ಭಾವ ಬಂದ. ಗಮನಕ್ಕೆಯವರ ಅಂಗೈಯಲ್ಲಿ ಕಪ್ತಾನನ ತಲೆ ಕಂಡ. ಅವನ ಮುಖದಲ್ಲಿದ್ದ ನೆತ್ತರೆಲ್ಲ ಇಳಿದುಹೋಯಿತು.

"ಇವರ ಹಲ್ಲು ಎಲ್ಲಿವೆ ಅಂತ ಕೇಳ್ತಿದಾರೆ," ಎಂದರು ಡಾಕ್ಟರು ನಗುತ್ತಲೇ. ಆ ನಗೆಯಲ್ಲಿ ಒಂಬತ್ತು ವರ್ಷದ ನೌಕರಿ ಮುಳುಗುತ್ತಿರುವುದು ಭಾವನಿಗೂ ಕಂಡಿತು, ನನಗೂ ಕಂಡಿತು.

"ಮನೇಲಿ... ನೆನೆಹಾಕಿದೆ ಸಾರ್."

"ಅದೇ, ಅದೇ," ಎಂದರು ಡಾಕ್ಟರು ತಕ್ಷಣ. "ಹೊಸ ವಿಧಾನದಲ್ಲಿ ಹಲ್ಲನ್ನ ಒಂದು ಮಧ್ಯಾಹ್ನ ಸಂಸಾರಸ್ಥರ ಮನೇಲಿ ಇಟ್ಟು ಒಗ್ಗಿಸಬೇಕು. ಮನೆಮಾತು ಕೇಳಿದ ಹಲ್ಲು ಬಾಯಿಗೆ ಬೇಗ ಹೊಂದುತ್ತೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ಗಮನಕ್ಕೆಯವರು. ಕುರ್ಚಿಯಿಂದ ಎದ್ದೇಬಿಟ್ಟರು. "ಹಾಗಾದ್ರೆ ಇಲ್ಲಿಗೆ ಯಾಕೆ ತರಿಸ್ತೀರಿ? ನಾನೇ ಅಲ್ಲಿಗೆ ಬರ್ತೀನಿ. ನಡೀರಿ, ಎರಡೇ ಬೀದಿ." ತಲೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟರು. ಡಾಕ್ಟರೂ ಬೇರೆ ದಾರಿಯಿಲ್ಲದೆ ಹಿಂದೆ ಹೊರಟರು.

ಭಾವ ನನ್ನ ತೋಳು ಹಿಡಿದು ಪಿಸುಗುಟ್ಟಿದ. "ನಿಮ್ಮಕ್ಕನಿಗೆ ಫೋನ್ ಮಾಡು. ನೀರು ಎಷ್ಟು ಬಿಸಿ ಇತ್ತು ಕೇಳು. ಕುದಿಯೋ ನೀರಿಗೆ ಬಿದ್ದಿದ್ರೆ ಹಲ್ಲು ಸೊಟ್ಟಗಾಗಿ ಯಾವ ದವಡೆಗೂ ಕೂರಲ್ಲ."

ನಾನು ಹಿಂದೆ ಉಳಿದು ಫೋನ್ ಮಾಡಿದೆ.

"ಅಕ್ಕಾ, ಡಬ್ಬೀಲಿ ಇದ್ದದ್ದನ್ನ ಏನು ಮಾಡಿದೆ?"

"ಹೇಳಿದ ಹಾಗೇ ಮಾಡಿದೀನಿ ಕಣೋ. ಏನು ಹಲ್ಲೋ ಅದು! ನಿಮ್ಮ ಭಾವ ಹೇಳ್ತಾನೇ ಇದ್ರು, ನಾನೇ ನಂಬಿರಲಿಲ್ಲ. ನಿಜವಾದ್ದೇ ಅನ್ನಿಸುತ್ತೆ. ಕಪ್ತಾನ ಇಷ್ಟು ದೊಡ್ಡೋನು ಅಂತ ಯಾಕೋ ಮೊದಲೇ ಹೇಳಲಿಲ್ಲ? ತಲೆ ಯಾವಾಗ ಬರುತ್ತೆ? ಹಾಲ್‌ನಲ್ಲಿ ನಿಲ್ಲಿಸೋಕೆ ಸೋಫಾ ಸರಿಸಬೇಕು."

"ನೀರು ಎಷ್ಟು ಬಿಸಿ ಇತ್ತು?"

"ಕೈ ಅದ್ದೋ ಅಷ್ಟು."

"ಯಾರ ಕೈ?"

"ನನ್ನ ಕೈಯೇ, ಇನ್ಯಾರದ್ದು?"

ನನ್ನ ಜೀವ ಬಾಯಿಗೆ ಬಂತು. ನಮ್ಮಕ್ಕನ ಕೈ ಸಾಮಾನ್ಯರ ಕೈಯಲ್ಲ. ಒಲೆಯ ಮೇಲಿನ ಕಾದ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ, ಎಲ್ಲಿಡಬೇಕೆಂದು ಸಾವಕಾಶವಾಗಿ ಯೋಚಿಸುವ ಕೈ ಅದು.

ನಾವು ಮನೆ ಮುಟ್ಟುವ ಹೊತ್ತಿಗೆ ಮಹಡಿಯ ಮೆಟ್ಟಿಲ ತುಂಬ ಚಪ್ಪಲಿ. ಬೀದಿಯವರೆಲ್ಲ ಹಲ್ಲು ನೋಡಿಕೊಂಡು ಹೋಗಲು ಬಂದಿದ್ದರು. ಹಾಲಿನ ನಡುವೆ ಮನೆ ಮಾಲೀಕರು ಅಳತೆಯ ಟೇಪು ಹಿಡಿದು ನಿಂತಿದ್ದರು. ಭಾವನನ್ನು ಕಂಡದ್ದೇ ಎರಗಿದರು.

"ಏನ್ರೀ ಇದು? ಬಾಡಿಗೆಗೆ ಅಂತ ಮೂರು ಜನಕ್ಕೆ ಮನೆ ಕೊಟ್ಟೆ, ನಾಲ್ಕನೆಯವನನ್ನ ಕೇಳದೇ ತರ್ತಿದೀರಲ್ಲ! ಇಷ್ಟು ದೊಡ್ಡ ಹಲ್ಲಿಗೆ ಆಳು ಎಷ್ಟುದ್ದ ಇರ್ತಾನೆ ಅಂತ ಅಳೆದೆ. ನನ್ನದೇ ಬಾಯಿಗೆ ಟೇಪು ಇಟ್ಟು ನೋಡಿದೆ. ಆರಡಿ! ಟೋಪಿ ಹಾಕಿದ್ರೆ ಆರೂವರೆ! ಗಟ್ಟಿ ರೆಸಿನ್ನು ಅಂತೆ, ಇನ್ನೂರು ಕಿಲೋಗೆ ಕಡಿಮೆ ಇಲ್ಲ. ಕೆಳಗೆ ನನ್ನ ಮಂಚ ಇದೆ ಕಣ್ರೀ! ಇವನು ಬಿದ್ದರೆ ನನ್ನ ಎದೆ ಮೇಲೇ!"

"ಒಂದು ಹಡಗಾದ್ರೂ ಬರುತ್ತಾ ಅವನ ಜೊತೆ?" ಎಂದು ಬಾಗಿಲಲ್ಲಿ ಯಾರೋ ಕೇಳಿದರು. ಮಾಲೀಕರು ಎದೆ ಹಿಡಿದುಕೊಂಡರು.

ಭಾವನಿಗೆ ಇದು ಯಾವುದೂ ಕಿವಿಗೆ ಬೀಳಲಿಲ್ಲ. ನೇರ ಅಡುಗೆಮನೆಯ ಕಿಟಕಿಗೆ ಹೋದ. ಬಿಳಿ ಬಟ್ಟೆಯ ಮೇಲೆ ಕೆಳಗಿನ ಹಲ್ಲಿನ ಸಾಲು ಬಿಸಿಲು ಕಾಯಿಸುತ್ತಿತ್ತು. ಮೇಲಿನದು ಇರಲಿಲ್ಲ.

"ಮೇಲಿನ ಸೆಟ್ಟು ಎಲ್ಲೇ?"

"ಪೋಸ್ಟ್ ಮಾಸ್ಟರ್ ತಗೊಂಡು ಹೋದ್ರು," ಎಂದಳು ಅಕ್ಕ. "ಎಷ್ಟೊತ್ತು ನೋಡಿದ್ರು ಗೊತ್ತಾ? ಒಂದು ಮಾತಿಲ್ಲ, ಕತೆಯಿಲ್ಲ. ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು. ಆಮೇಲೆ 'ಅಳತೆ ಒಂಚೂರು ನೋಡ್ಕೊಂಡು ಕೊಡ್ತೀನಮ್ಮ' ಅಂದ್ರು. ಹೊಟ್ಟೆಕಿಚ್ಚು ಇರಬೇಕು ಪಾಪ, ಕಣ್ಣೆಲ್ಲ ಒದ್ದೆ ಆಗಿತ್ತು."

ಭಾವ ಎದುರುಮನೆಗೆ ಓಡಬೇಕು ಎನ್ನುವಷ್ಟರಲ್ಲಿ ಪೋಸ್ಟ್ ಮಾಸ್ಟರರೇ ಬಂದರು. ಕರವಸ್ತ್ರದಲ್ಲಿ ಸುತ್ತಿದ್ದ ಹಲ್ಲನ್ನು ಎರಡೂ ಕೈಯಿಂದ ಕೊಟ್ಟರು. ಯಾರ ಮುಖವನ್ನೂ ನೋಡಲಿಲ್ಲ, ಗೋಡೆಗೆ ಒರಗಿ ನಿಂತರು.

ಗಮನಕ್ಕೆಯವರನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿದ್ದಾಯಿತು. ಡಾಕ್ಟರು ಹಲ್ಲನ್ನು ಮತ್ತೆ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಭಾವ ಅವರ ಹುಬ್ಬನ್ನೇ ನೋಡುತ್ತಿದ್ದ. ಆ ಹುಬ್ಬು ಗಂಟಿಕ್ಕಿದರೆ ಅವನ ಕೆಲಸ ಹೋಯಿತು, ಭಾನುವಾರದ ರೈಲಿಗೆ ಟೇಪು ಬಂತು. ಗುಂಪಿನಲ್ಲಿ ಯಾರೋ ಮೆಲ್ಲಗೆ, "ಕಪ್ತಾನನ ಹಲ್ಲು ಇವರಿಗೆ ಯಾಕೆ ಹಾಕ್ತಿದಾರೆ?" ಎಂದರು. "ಅಳತೆ ನೋಡೋಕೆ. ಬೊಂಬೆ ಇವರದ್ದೇ ಅಂತೆ," ಎಂದು ಇನ್ನೊಬ್ಬರು ಉತ್ತರ ಕೊಟ್ಟರು.

"ಆ ಅನ್ನಿ," ಎಂದರು ಡಾಕ್ಟರು.

ಮೇಲಿನದು ಕೂತಿತು. ಕೆಳಗಿನದು ಒಂದು ಸಲ ಜಾರಿತು. ಭಾವ ಕಣ್ಣು ಮುಚ್ಚಿದ. ಡಾಕ್ಟರು ಹೆಬ್ಬೆರಳಿಂದ ಒತ್ತಿದರು. ಟಕ್ ಎಂದು ಸದ್ದಾಯಿತು. ಗಮನಕ್ಕೆಯವರು ಬಾಯಿ ಮುಚ್ಚಿದರು, ಎಡಕ್ಕೆ ಬಲಕ್ಕೆ ದವಡೆ ಆಡಿಸಿದರು, ನಾಲಗೆಯಿಂದ ಒಳಗೆಲ್ಲ ಒಂದು ಸುತ್ತು ಹಾಕಿದರು.

"ಒಂಚೂರು ಬೆಚ್ಚಗಿದೆ," ಎಂದರು. "ಹಿತವಾಗಿದೆ."

"ಅದೇ ಹೊಸ ವಿಧಾನ," ಎಂದರು ಡಾಕ್ಟರು.

ಗಮನಕ್ಕೆಯವರು ಎದ್ದು ನಿಂತರು. ಡಾಕ್ಟರ ಮಾತು ನೆನಪಾಯಿತೇನೋ, ಕಾಲು ಅಗಲಿಸಿ ಊರಿದರು. ಕೋಟಿನ ಗುಂಡಿ ಹಾಕಿಕೊಂಡರು. ಆಮೇಲೆ ಆ ಧ್ವನಿ ಬಂತು.

"ಪ್ರಯಾಣಿಕರ ಗಮನಕ್ಕೆ! ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಹೊರಡಲಿರುವ ರೈಲು, ಒಂದನೇ ಪ್ಲಾಟ್‌ಫಾರ್ಮಿನ ಬದಲು, ಎರಡನೇ ಪ್ಲಾಟ್‌ಫಾರ್ಮಿನಿಂದ ಹೊರಡಲಿದೆ!"

ಕಿಟಕಿಯ ಗಾಜು ಗುಂಯ್ ಎಂದಿತು. ಅಕ್ಕ ಅಭ್ಯಾಸಬಲದಿಂದ ಗೋಡೆಯ ಗಡಿಯಾರ ನೋಡಿದಳು. ಮನೆ ಮಾಲೀಕರು ಟೇಪನ್ನು ಕಂಕುಳಿಗೆ ಸೇರಿಸಿಕೊಂಡು ಬಾಗಿಲ ಕಡೆಗೆ ಎರಡು ಹೆಜ್ಜೆ ಹಾಕಿ, ತಮಗೆ ಯಾವ ರೈಲೂ ಹಿಡಿಯುವುದಿಲ್ಲ ಎಂದು ಜ್ಞಾಪಕ ಬಂದು ನಿಂತರು. ಕೆಳಗೆ ಬೀದಿಯಲ್ಲಿ ಸೈಕಲ್ಲಿನವನೊಬ್ಬ ಕಾಲೂರಿ ಆಕಾಶ ನೋಡಿದ. ಭಾವ ಅಲ್ಲೇ ನೆಲದ ಮೇಲೆ ಕುಸಿದು ಕೂತ. ನನಗಂತೂ ಹೋದ ಜೀವ ಬಂದಂತಾಯಿತು. ಗಮನಕ್ಕೆಯವರು ಅಳುತ್ತಿದ್ದರು, ಅಳುತ್ತಲೇ ಹೊಸ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದರು.

"ಈ ತಲೆ ಭಾನುವಾರದವರೆಗೆ ನನ್ನ ಹತ್ತಿರ ಇರಲಿ," ಎಂದು ಜೇಬು ತಟ್ಟಿಕೊಂಡರು. "ಧೈರ್ಯಕ್ಕೆ."

ಎಲ್ಲ ಹೋದ ಮೇಲೆ ಡಾಕ್ಟರು ಮೆಟ್ಟಿಲಿನಲ್ಲಿ ಭಾವನನ್ನು ನಿಲ್ಲಿಸಿದರು. ಜೇನು ಮುಗಿದಿತ್ತು. "ಡಬ್ಬಿ ಅದಲುಬದಲಾಯ್ತು. ಅಲ್ವಾ?"

"ಹೌದು ಸಾರ್," ಎಂದ ಭಾವ. ಸುಳ್ಳು ಹೇಳಲೂ ಅವನಿಗೆ ತ್ರಾಣವಿರಲಿಲ್ಲ.

"ಸೋಮವಾರ ಬಾ. ಮಾತಾಡೋಣ."

ಭಾನುವಾರ ಬೆಳಿಗ್ಗೆ ಆರು ಇಪ್ಪತ್ತಕ್ಕೆ ಊರೆಲ್ಲ ಆ ಧ್ವನಿ ಕೇಳಿತು. ಭಾವನೂ ಕೇಳಿದ, ಆದರೆ ಅವನ ಕಿವಿಯಲ್ಲಿ "ಸೋಮವಾರ ಬಾ" ಎಂಬುದೇ ಗುಂಯ್‌ಗುಡುತ್ತಿತ್ತು.

ಸೋಮವಾರ ನಾನು ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ ಆರು ಜನ ಮುದುಕರು ಸಾಲಾಗಿ ನಿಂತಿದ್ದರು. ಗಮನಕ್ಕೆಯವರು ಸ್ಟೇಷನ್ನಿನಲ್ಲಿ ಬಂದವರಿಗೆಲ್ಲ ಜೇಬಿನಿಂದ ತಲೆ ತೆಗೆದು ತೋರಿಸಿದ್ದರು.

"ನಮಗೂ ಹೊಸ ವಿಧಾನದಲ್ಲೇ ಆಗಬೇಕು," ಎಂದರು ಮೊದಲನೆಯವರು. "ತಲೆ, ಕೈ, ಬೂಟು. ಬೂಟು ಎರಡೂ ಇದ್ರೆ ಒಳ್ಳೇದು."

"ನನಗೆ ಕೂದಲಿನ ಸಮೇತ ತಲೆ ಬೇಕು," ಎಂದರು ಎರಡನೆಯವರು, ಪೂರಾ ಬೋಳು.

ಡಾಕ್ಟರು ಹೊರಗೆ ಬಂದು ಸಾಲನ್ನು ನೋಡಿದರು. ಭಾವನನ್ನು ನೋಡಿದರು. "ಗೊತ್ತಿಲ್ಲ" ಎಂಬ ಮಾತು ಆ ದಿನ ಅವರ ತುಟಿಯವರೆಗೂ ಬಂದು ವಾಪಸು ಹೋದದ್ದನ್ನು ನಾನು ಕಂಡೆ. ಕೊನೆಗೆ ಭಾವನನ್ನು ಮೂಲೆಗೆ ಕರೆದು ಹೇಳಿದರು: "ನಿನ್ನನ್ನ ಕಳಿಸಿಬಿಟ್ರೆ ಇವರಿಗೆಲ್ಲ ತಲೆ ಯಾರಯ್ಯ ಮಾಡಿಕೊಡ್ತಾರೆ? ಹೋಗು, ಇವತ್ತಿಂದಲೇ ಕಾಯಂ ಅಂದುಕೋ. ಆದ್ರೆ ಡಬ್ಬಿ ಮೇಲೆ ಹೆಸರು ಬರಿ, ನಿನ್ನ ಕೈ ಮುಗೀತೀನಿ."

ಅವತ್ತು ಮನೆಗೆ ಬಂದ ಭಾವ ತನ್ನದೇ ಎರಡೂ ಚಪ್ಪಲಿ ಹಾಕಿಕೊಂಡಿದ್ದ. ಅಕ್ಕ ಸೋಫಾವನ್ನು ಹಳೆಯ ಜಾಗಕ್ಕೆ ಸರಿಸಿದಳು. ಕಪ್ತಾನ ಗೇಣುದ್ದ ಎಂದು ತಿಳಿದ ಮನೆ ಮಾಲೀಕರು ಮಂಚವನ್ನು ಅಡುಗೆಮನೆಯಿಂದ ವಾಪಸು ಮಲಗುವ ಕೋಣೆಗೆ ಹಾಕಿಸಿಕೊಂಡರು.

ತಲೆ ವಾಪಸು ಬಂದ ಮೇಲೆ ಕಪ್ತಾನ ಮೂರು ವಾರದಲ್ಲಿ ಮುಗಿದ. ಮುಗಿದ ಎನ್ನುವುದಕ್ಕಿಂತ, ಭಾವ ಕೈಬಿಟ್ಟ ಎನ್ನುವುದು ಸರಿ. ಚರ್ಮಕ್ಕೆ ಅವನಿಗೆ ಗೊತ್ತಿದ್ದ ಬಣ್ಣ ಒಂದೇ, ವಸಡಿನ ಗುಲಾಬಿ. ಹಾಗಾಗಿ ಕಪ್ತಾನ ಆಗಷ್ಟೇ ಬಿಸಿನೀರಿನ ಸ್ನಾನ ಮುಗಿಸಿ ಬಂದವನಂತಿದ್ದ. ಒಂದು ಕಣ್ಣು ಸಮುದ್ರ ನೋಡಿದರೆ ಇನ್ನೊಂದು ತನ್ನದೇ ಮೂಗು ನೋಡುತ್ತಿತ್ತು. ಕೋಟಿನ ನೀಲಿ ಕುತ್ತಿಗೆಗೆ ಹರಿದಿತ್ತು. ಅಂಟು ಹೆಚ್ಚಾಗಿ ಎಡಗೈ ಸೊಂಟಕ್ಕೇ ಕೂಡಿಕೊಂಡಿತ್ತು. ಆದರೆ ಬಾಯಿ! ಅಚ್ಚಿನಲ್ಲಿ ಬರೀ ಒಂದು ಬಿಳಿ ಪಟ್ಟಿಯಾಗಿದ್ದುದನ್ನು ಭಾವ ಒಂದೇ ಎಳೆಯ ಕುಂಚದಲ್ಲಿ ಹಲ್ಲುಹಲ್ಲಾಗಿ ಬಿಡಿಸಿದ್ದ. ಮುಂದಿನೆರಡು ತುಸು ಹಳದಿ, ಕೋರೆಹಲ್ಲು ಒಂದು ಛಾಯೆ ಗಾಢ, ಪೈಪು ಕಚ್ಚಿ ಸವೆದ ಒಂದು ಮೂಲೆ, ಹಲ್ಲಿನ ಬುಡಕ್ಕೆ ಕೂದಲೆಳೆಯಷ್ಟು ನೆರಳು. ನೋಡಿದರೆ ನಮಗೂ ನಗು ಬರಬೇಕು.

ಪೋಸ್ಟ್ ಮಾಸ್ಟರರನ್ನು ಕರೆದದ್ದು ಅಕ್ಕ. ಅವರು ಭೂತಗನ್ನಡಿ ತಂದು ಕಪ್ತಾನನ ಮುಂದೆ ಕೂತರು.

"ಕಣ್ಣು ಮೆಳ್ಳೆ," ಎಂದರು.

"ಹೌದು," ಎಂದ ಭಾವ.

"ಕೋಟು ಕೆಟ್ಟಿದೆ. ಕೈ ತಪ್ಪಾಗಿ ಅಂಟಿದೆ. ಕೆನ್ನೆ ಸುಟ್ಟ ಹಾಗಿದೆ."

ಭಾವ ಪ್ರತಿ ಮಾತಿಗೂ ಒಂದೊಂದು ಅಂಗುಲ ಕುಗ್ಗಿದ. ಭೂತಗನ್ನಡಿ ಬಾಯಿಯ ಹತ್ತಿರ ಬಂದು ನಿಂತಿತು. ಅಲ್ಲಿಂದ ಕದಲಲಿಲ್ಲ. ಅಕ್ಕ ತಂದಿಟ್ಟ ಚಹಾ ಆರಿಹೋಯಿತು.

"ಅವತ್ತು ಆ ಹಲ್ಲನ್ನ ಅಳತೆ ನೋಡೋಕೆ ತಗೊಂಡು ಹೋಗಲಿಲ್ಲ ನಾನು," ಎಂದರು ಪೋಸ್ಟ್ ಮಾಸ್ಟರರು ತಲೆಯೆತ್ತದೆ. "ಕನ್ನಡಿ ಮುಂದೆ, ಬಾಯಿಗೆ ಅಡ್ಡ ಹಿಡಿದು ನೋಡಿದೆ. ಒಳಗೆ ಹಾಕಲಿಲ್ಲಪ್ಪ, ಆಣೆಗೂ ಇಲ್ಲ. ಹಿಡಿದು ನೋಡಿದೆ ಅಷ್ಟೆ." "ನಲವತ್ತೊಂದು ಜನರನ್ನ ಮಾಡಿದೆ. ಒಬ್ಬನ ಬಾಯಿ ತೆರೆಯೋಕೂ ಧೈರ್ಯ ಬರಲಿಲ್ಲ. ಅವನು ನಗ್ತಾನೆ, ನಾನು ನೋಡ್ಕೊಂಡು ಕೂರಬೇಕಲ್ಲ ಅಂತ ಸಂಕಟ."

ಆಮೇಲೆ ಅವರು ಬಾಯಿ ತೆರೆದರು. ಒಳಗೆ ಎರಡೇ ಹಲ್ಲು, ಒಂದು ಮೇಲೆ, ಒಂದು ಕೆಳಗೆ, ಅವೂ ಎದುರುಬದುರಾಗಿರಲಿಲ್ಲ. ತಾನು ಆ ದಿನ ಬೀರುವಿನ ಮುಂದೆ ಆಡಿದ ಮಾತು ಭಾವನಿಗೆ ನೆನಪಾಗಿರಬೇಕು. ಅವನ ಕಣ್ಣು ತುಂಬಿತು.

"ಮೊದಲೇ ಹೇಳಬಾರದಿತ್ತಾ ಸಾರ್?"

"ನಲವತ್ತೊಂದು ಜನರ ಮುಂದೆ ಹೇಗಯ್ಯ ಹೇಳ್ಲಿ?" ಎಂದರು ಪೋಸ್ಟ್ ಮಾಸ್ಟರರು. "ನೀನು ನನ್ನ ಬಾಯಿ ಸರಿ ಮಾಡು. ನಾನು ನಿನ್ನ ಕಪ್ತಾನನ ಕಣ್ಣು ಸರಿ ಮಾಡ್ತೀನಿ."

ಮಾರನೆಯ ದಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ಅಳತೆ ತೆಗೆದರು. ಭಾವ ಹೊಸದೊಂದು ಬಿಳಿ ಡಬ್ಬಿ ತಂದು, ಎಂದೂ ಬರೆಯದವನು, ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: 'ಪೋಸ್ಟ್ ಮಾಸ್ಟರ್ ಸಾರ್. ಬೊಂಬೆ ಅಲ್ಲ. ಮನೆಗೆ ತಗೊಂಡು ಹೋಗಬಾರದು.' ಸ್ವಲ್ಪ ಯೋಚಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದ: 'ಹೆಂಡತಿ ಕೈಗೆ ಕೊಡಬಾರದು.'

ಪೋಸ್ಟ್ ಮಾಸ್ಟರರು ಕನ್ನಡಕ ಏರಿಸಿ ಅದನ್ನು ಓದಿದರು. ಓದಿ ನಕ್ಕರು. ಮೂಗಿನಿಂದಲ್ಲ, ಇದ್ದ ಎರಡು ಹಲ್ಲೂ ಎಲ್ಲರಿಗೂ ಕಾಣುವಂತೆ, ಬಾಯಿ ತುಂಬ.